ಕೋವಿ ಅಂಗಡಿಯ ಕೆಂಪು ಶಾಯಿ

ಕೊಡಗಿನ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುವುದು ಪದ್ಧತಿ. ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು, ಎರಡು ಗುಂಡು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗದ್ದೆ ಬಯಲು, ಕಾಫಿ ತೋಟ, ಒಂದೆರಡು ಗುಡ್ಡ ಇರುವ ಆ ನಾಡಿನಲ್ಲಿ, ಫೋನಿಲ್ಲದ ಕಾಲದಲ್ಲಿ ಸುದ್ದಿ ಮುಟ್ಟಿಸಲು ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಪುತ್ತರಿಯ ರಾತ್ರಿ ಗದ್ದೆಗಿಳಿದು ಮೊದಲ ಕದಿರು ಕೊಯ್ಯುವಾಗಲೂ ಗುಂಡಿನ ಸದ್ದು ಕೇಳಲೇಬೇಕು. ಇನ್ನು ಸೆಪ್ಟೆಂಬರಿನ ಕೈಲ್ ಪೊಳ್ದ್ ಅಂತೂ ಆಯುಧಗಳದೇ ಹಬ್ಬ. ನಾಟಿ ಕೆಲಸ ಮುಗಿದ ಮೇಲೆ ಒಡಿಕತ್ತಿ, ಪೀಚೆಕತ್ತಿ, ಕೋವಿಗಳನ್ನು ತೊಳೆದು, ಒರೆಸಿ, ಕನ್ನಿಕೋಂಬರೆಯಲ್ಲಿಟ್ಟು, ಕೋವಿಯ ನಳಿಗೆಗೆ 'ತೋಕ್ ಪೂ' ಸಿಕ್ಕಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೊಡವ ತಕ್ಕಿನಲ್ಲಿ ಕೋವಿ. ಕೆಂಪು ಹಳದಿ ಬೆಂಕಿಯ ನಾಲಗೆಯಂತಿರುವ ಈ ಹೂವನ್ನು ನಮ್ಮ ಕಡೆ ಅಗ್ನಿಶಿಖೆ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ. ಅಂದಕ್ಕೆ ಮಾರುಹೋಗಿ ಇದರ ಗೆಡ್ಡೆ ಕೀಳಲು ಹೋಗಬೇಡಿ, ಅದರಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ.

ಪ್ರವಾಸಕ್ಕೆ ಹೋದವರು ಇದೆಲ್ಲವನ್ನೂ ನೋಡಿ, ಫೋಟೋ ತೆಗೆದುಕೊಂಡು ಬರುತ್ತಾರೆ. ಆ ಕೋವಿಗೆ ತೋಟಾ ಎಲ್ಲಿಂದ ಬರುತ್ತದೆ, ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂದು ಕೇಳುವವರು ಕಡಿಮೆ. ನಾನು ಆ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಎಂಟು ವರ್ಷ ವಿಜ್ಞಾನ ಕಲಿಸಿದವನು. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರ ಮನೆಯವರು ಮೂರು ತಲೆಮಾರಿನಿಂದ ಒಂದೇ ಒಂದು ಕೋವಿ ಅಂಗಡಿಗೆ ನಡೆದುಕೊಂಡು ಬಂದಿದ್ದಾರೆ. ಅಂಗಡಿಯ ಹೆಸರನ್ನಾಗಲಿ ಊರನ್ನಾಗಲಿ ಬರೆಯಬಾರದೆಂಬುದು ಮಾಲೀಕರ ಷರತ್ತು. ವ್ಯಾಪಾರದ ಸ್ವರೂಪ ಅಂಥದ್ದು. ಊರಿನವರು ಅವರನ್ನು ಕರೆಯುವಂತೆ ನಾನೂ 'ಆಚಾರ್ರು' ಎಂದೇ ಕರೆಯುತ್ತೇನೆ.

ಕೊಡಗಿನಲ್ಲಿ ಯಾರು ಬೇಕಾದರೂ ಲೆಕ್ಕಪತ್ರವಿಲ್ಲದೆ ಕೋವಿ ಇಟ್ಟುಕೊಳ್ಳಬಹುದು ಎಂಬ ತಪ್ಪು ಕಲ್ಪನೆ ಹೊರಗಿನವರಲ್ಲಿದೆ. 1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರಷ್ಟೆ. 1861ರಲ್ಲಿ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವರೇ, ಆ ಕಾನೂನು ಕೊಡಗಿನ ಜನರಿಗೆ ಅನ್ವಯಿಸದು ಎಂದು ಪ್ರಕಟಿಸಿದರು. ಸ್ವಾತಂತ್ರ್ಯಾನಂತರ ಬಂದ 1959ರ ಆಯುಧ ಕಾಯ್ದೆಯ ಅಡಿಯಲ್ಲೂ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯೊಂದರಲ್ಲಿ 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಇರುವುದು ಲೈಸೆನ್ಸಿಗೆ ಮಾತ್ರ, ಲೆಕ್ಕಕ್ಕಲ್ಲ. ವಿನಾಯಿತಿ ಪತ್ರ ಇರಬೇಕು, ಕೊಂಡ ತೋಟಾಗಳು ಅಂಗಡಿಯ ಪುಸ್ತಕದಲ್ಲಿ ನಮೂದಾಗಬೇಕು. ಕೋವಿ ಅಂಗಡಿಯವರಿಗಂತೂ ಲೈಸೆನ್ಸು, ದಾಸ್ತಾನಿನ ಪುಸ್ತಕ, ತಪಾಸಣೆ ಯಾವುದೂ ತಪ್ಪಿದ್ದಲ್ಲ.

ಆಚಾರ್ರ ಅಂಗಡಿ ಎಂದರೆ ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಒಂದು ಕೋಣೆ. ಎಡಕ್ಕೆ ಛತ್ರಿ ರಿಪೇರಿಯವನು, ಬಲಕ್ಕೆ ಗೊಬ್ಬರದ ಡಿಪೊ. ಬಾಗಿಲಿಗೆ ಒಳಗೊಂದು, ಹೊರಗೊಂದು ಕಬ್ಬಿಣದ ಸರಳು. ಗೋಡೆಯಲ್ಲಿ ಹುಗಿದ ಕಬ್ಬಿಣದ ಬೀರು, ಒಂದು ವೈಸು, ಸಾಲಾಗಿ ಅರಗಳು, ಎಣ್ಣೆ ಹಿಡಿದು ಕಪ್ಪಾದ ಮೇಜು, ಗೋಡೆಯಲ್ಲೊಂದು ಹಳೆಯ ಕ್ಯಾಲೆಂಡರ್. ಗಲ್ಲಾದ ಹಿಂದೆ ರಟ್ಟಿನ ಹೊದಿಕೆಯ ದಪ್ಪ ಪುಸ್ತಕಗಳು, ಆಚಾರ್ರ ತಂದೆಯ ಕಾಲದಿಂದ ಬಂದವು. ಸರ್ಕಾರ ಕೇಳುವ ಪುಸ್ತಕಗಳು ಬೇರೆಯೇ ಇವೆ. ಇವು ಮನೆಯವರೇ ತಮ್ಮ ಅನುಕೂಲಕ್ಕೆ ಬರೆದುಕೊಂಡವು. ಒಂದೊಂದು ಕೋವಿಗೆ ಒಂದೊಂದು ಪುಟ. ಯಾರ ಮನೆಯದು, ನಂಬರೇನು, ನಳಿಗೆಯ ಅಳತೆಯೇನು, ಯಾವ ವರ್ಷ ಯಾವ ಸ್ಪ್ರಿಂಗ್ ಹಾಕಿತು, ಮರದ ಹಿಡಿ ಯಾವಾಗ ಬಿರುಕು ಬಿಟ್ಟಿತು. ಆಸ್ಪತ್ರೆಯಲ್ಲಿ ರೋಗಿಯ ಚೀಟಿ ಇದ್ದ ಹಾಗೆ.

ಆ ಅಂಗಡಿಯ ನಿಯಮ ಒಂದೇ. ಕೋವಿ ತಂದವರು ಮೊದಲು ಅದನ್ನು ಮಡಿಸಿ, ಖಾಲಿ ನಳಿಗೆ ತೋರಿಸಿ, ಮೇಜಿನ ಮೇಲಿಡಬೇಕು. ಆಮೇಲೆಯೇ ನಮಸ್ಕಾರ, ಕ್ಷೇಮಸಮಾಚಾರ. ಒಮ್ಮೆ ದೊಡ್ಡ ಅಧಿಕಾರಿಯೊಬ್ಬರು ಕೋವಿಯನ್ನು ಹೆಗಲಿಗೆ ಹಾಕಿಕೊಂಡೇ ಮಾತು ಶುರು ಮಾಡಿದರಂತೆ. ಆಚಾರ್ರು ಉತ್ತರ ಕೊಡದೆ ಅರ ಉಜ್ಜುತ್ತಲೇ ಇದ್ದರಂತೆ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳದೆ ನನಗೆ ಮುಂದೆ ಹೋಗಲಾಗುವುದಿಲ್ಲ. ನಮ್ಮ ರೈತರ ಮನೆಗಳಲ್ಲಿರುವ ತೋಟಾ ಕೋವಿಗಳಲ್ಲಿ ಹೆಚ್ಚಿನವು '12 ಬೋರ್'. ಈ 12 ಎಂಬುದು ಇಂಚೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸದಿಂದ ಸಮನಾದ 12 ಗೋಲಿ ಮಾಡಿದರೆ ಒಂದೊಂದು ಗೋಲಿ ಎಷ್ಟು ದಪ್ಪವೋ ನಳಿಗೆಯ ಒಳವ್ಯಾಸ ಅಷ್ಟು. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು. ಪೌಂಡ್ ಎಂದರೆ 453.6 ಗ್ರಾಂ, ಅದರ ಹನ್ನೆರಡನೆಯ ಒಂದು ಭಾಗ 37.8 ಗ್ರಾಂ. ಸೀಸದ ಸಾಂದ್ರತೆ 11.34. ಭಾಗಿಸಿದರೆ ಗೋಲಿಯ ಗಾತ್ರ ಸುಮಾರು 3.33 ಘನ ಸೆಂಟಿಮೀಟರ್. ಗೋಳದ ಸೂತ್ರ ಹಾಕಿ ವ್ಯಾಸ ತೆಗೆದರೆ 1.85 ಸೆಂಟಿಮೀಟರ್ ಬರುತ್ತದೆ. ಅಳೆದು ನೋಡಿದರೆ 12 ಬೋರಿನ ನಳಿಗೆ ಸರಿಯಾಗಿ ಅಷ್ಟೇ ಇರುತ್ತದೆ. ಅಂದರೆ ಬೋರಿನ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದು. 16 ಬೋರ್ 12ಕ್ಕಿಂತ ಚಿಕ್ಕದು. ಒಂಬತ್ತನೇ ತರಗತಿಯಲ್ಲಿ ಸಾಂದ್ರತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ. ಹುಡುಗರು ನಿದ್ದೆ ಮಾಡುವುದಿಲ್ಲ.

ಬೋರು ಒಂದೇ ಆದರೆ ಸಾಲದು, ತೋಟಾದ ಉದ್ದವೂ ಹೊಂದಬೇಕು. ಪಿ.ಟಿ. ಮೇಷ್ಟ್ರ ಮನೆಯ ಕಥೆ ಇರುವುದೇ ಇಲ್ಲಿ.

ಅವರ ಮನೆಯ ಕೋವಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಜೋಡಿ ನಳಿಗೆಯದು. ಸ್ವದೇಶಕ್ಕೆ ಹೊರಟ ತೋಟದ ದೊರೆಯೊಬ್ಬ ಬಿಟ್ಟುಹೋದ ಕೋವಿಯನ್ನು ಆಚಾರ್ರ ತಂದೆ ಕೊಂಡು, ಸರಿಮಾಡಿ, 1952ರಲ್ಲಿ ಮೇಷ್ಟ್ರ ತಾತನಿಗೆ ಮಾರಿದರು. ನಳಿಗೆಯ ಅಡಿಯಲ್ಲಿ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆ ಇದೆ. 1813ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ, ಹೊಸ ನಳಿಗೆಗಳಲ್ಲಿ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ ಸುಟ್ಟು, ತಡೆದುಕೊಂಡವುಗಳಿಗೆ ಮಾತ್ರ ಮುದ್ರೆ ಒತ್ತುತ್ತದೆ. ಮುದ್ರೆಯ ಪಕ್ಕದಲ್ಲಿ ತೋಟಾದ ಉದ್ದವನ್ನೂ ಕೊರೆದಿದ್ದಾರೆ: ಎರಡೂವರೆ ಇಂಚು. ಇಂದಿನ ಲೆಕ್ಕದಲ್ಲಿ 65 ಮಿಲಿಮೀಟರ್ ತೋಟಾ. ಆದರೆ ಅಂಗಡಿಗಳಲ್ಲಿ 70 ಮಿಲಿಮೀಟರಿನದೂ ಸಿಗುತ್ತದೆ.

ಉದ್ದ ಹೆಚ್ಚಾದರೆ ತೋಟಾ ಒಳಗೆ ಹೋಗುವುದೇ ಇಲ್ಲವಲ್ಲ ಎಂದು ನೀವು ಕೇಳಬಹುದು. ತೊಂದರೆಯೆಂದರೆ ಸಲೀಸಾಗಿ ಹೋಗುತ್ತದೆ! 70 ಮಿಲಿಮೀಟರ್ ಎಂಬುದು ಸುಟ್ಟ ಮೇಲೆ, ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಸುಡುವ ಮೊದಲು ಅದರ ಬಾಯಿ ಒಳಕ್ಕೆ ಮಡಿಚಿರುವುದರಿಂದ 60ರ ಆಸುಪಾಸು ಇರುತ್ತದೆ. ಗುಂಡು ಹಾರುವಾಗ ಆ ಮಡಿಕೆ ಬಿಚ್ಚಿಕೊಂಡು, ತೋಟಾದ ಕೋಣೆ ಮುಗಿದು ನಳಿಗೆ ಕಿರಿದಾಗುವ ಜಾಗದೊಳಕ್ಕೆ ಚಾಚುತ್ತದೆ. ಚರೆಗಳು ಹೊರಡಬೇಕಾದ ಬಾಗಿಲು ಇಕ್ಕಟ್ಟಾಗುತ್ತದೆ. ಹಿಂದೆ ಅನಿಲದ ಒತ್ತಡ ವಾತಾವರಣದ ಒತ್ತಡದ ನೂರಾರು ಪಟ್ಟು ಇದ್ದದ್ದು ಇನ್ನೂ ಏರುತ್ತದೆ. ಹಳೆಯ ಕೋವಿ ಒಂದೆರಡು ಸಲ ತಡೆದೀತು. ಕೊನೆಗೊಂದು ದಿನ ಅದರ ಕೀಲು ಸಡಿಲವಾಗುತ್ತದೆ, ಇನ್ನೂ ಕೆಟ್ಟದ್ದೂ ಆಗಬಹುದು.

1999ರ ಸುಮಾರಿಗೆ ಮೇಷ್ಟ್ರ ತಮ್ಮ ನಗರವೊಂದರ ದೊಡ್ಡ ಅಂಗಡಿಗೆ ಹೋದರು. ಗಾಜಿನ ಷೋಕೇಸು, ಕುಳಿತುಕೊಳ್ಳಲು ಸೋಫಾ, ತೋಟಾಗೆ ಒಂದೆರಡು ರೂಪಾಯಿ ಕಡಿಮೆ. ಯಾವ ಕೋವಿಗೆ ಎಂದು ಅಲ್ಲಿ ಯಾರೂ ವಿಚಾರಿಸಲಿಲ್ಲ. 12 ಬೋರ್ ಎಂದರು, 12 ಬೋರ್ ಕೊಟ್ಟರು. ತೋಟಕ್ಕೆ ಬರುವ ಆನೆ, ಕಾಡುಹಂದಿಗಳನ್ನು ಸದ್ದು ಮಾಡಿ ಹೆದರಿಸಲು ಅದರಲ್ಲಿ ಒಂದು ಪೆಟ್ಟಿಗೆ ಖರ್ಚಾಯಿತು. ಕೈಲ್ ಪೊಳ್ದಿಗೆ ಮೊದಲು ವಾಡಿಕೆಯಂತೆ ಕೋವಿಯನ್ನು ಆಚಾರ್ರ ಅಂಗಡಿಗೆ ಒಯ್ದಾಗ ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸುಮ್ಮನೆ ನಿಂತರು. ನಳಿಗೆಗೂ ಅದರ ಹಿಂದಿನ ಗೋಡೆಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು.

"ಎಲ್ಲಿ ತಗೊಂಡಿದ್ದು ತೋಟಾ?"

ತಮ್ಮ ಹೇಳಿದರು.

"ನಿಮ್ಮ ತಾತ ಇದ್ದಿದ್ದರೆ ನಿಮಗೆ ಎರಡು ಬಾರಿಸ್ತಾ ಇದ್ರು. ಅವರಿಲ್ಲ, ನಾನು ಬಾರಿಸೋ ಹಾಗಿಲ್ಲ. ಕೋವಿ ಇಟ್ಟು ಹೋಗಿ."

ದುರಸ್ತಿಗೆ ಹನ್ನೊಂದು ದಿನ ಬೇಕಾಯಿತು. ಆ ಕೆಲಸವನ್ನು ನಾನು ಎರಡು ಸಂಜೆ ಕುಳಿತು ನೋಡಿದೆ. ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಲೋಹದ ಮುಖವನ್ನು ಹಿಡಿದು ಮಸಿ ಹತ್ತಿಸುತ್ತಾರೆ. ಕೋವಿಯನ್ನು ಮುಚ್ಚಿ ತೆರೆಯುತ್ತಾರೆ. ಎಲ್ಲಿ ಮಸಿ ಅಳಿಸಿದೆಯೋ ಅಲ್ಲಿ ಲೋಹಕ್ಕೆ ಲೋಹ ತಾಗುತ್ತಿದೆ ಎಂದರ್ಥ. ಅಲ್ಲಿ ಅರದಿಂದ ಒಂದೇ ಒಂದು ಎಳೆತ. ಮತ್ತೆ ಮಸಿ, ಮತ್ತೆ ಮುಚ್ಚುವುದು. ಕೀಲಿನ ಸವೆದ ಜಾಗಕ್ಕೆ ಹೊಸ ಉಕ್ಕು ತುಂಬಿ, ಈ ರೀತಿ ನೂರಾರು ಸಲ ಉಜ್ಜಿ, ಮುಖವೆಲ್ಲ ಒಂದೇ ಸಮನಾಗಿ ಮಸಿ ಅಳಿಸುವವರೆಗೆ ಬಿಡಲಿಲ್ಲ. ಮೈಕ್ರಾಸ್ಕೋಪಿಲ್ಲದೆ, ಬುಡ್ಡಿಯ ಮಸಿಯಿಂದ ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಕೆಲಸ ಮಾಡುವವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಮುಗಿದ ಮೇಲೆ ಪುಸ್ತಕದ ಆ ಪುಟದ ನೆತ್ತಿಯಲ್ಲಿ ಕೆಂಪು ಶಾಯಿಯಿಂದ ಬರೆದರು: '65 ಮಾತ್ರ'. ಕೆಳಗೆ ಎರಡು ಗೆರೆ ಎಳೆದರು.

ಆದರೆ ಆ ಮನೆಯವರು ಬೇರೆ ಅಂಗಡಿಯ ಮೆಟ್ಟಿಲು ಹತ್ತದಿರುವುದಕ್ಕೆ ಈ ಕೈಚಳಕ ಅರ್ಧ ಕಾರಣ ಮಾತ್ರ. ಇನ್ನರ್ಧ ಅದಕ್ಕೂ ಹಿಂದಿನದು. ನನಗೆ ಅದನ್ನು ಹೇಳಲು ಮೇಷ್ಟ್ರು ಆರು ವರ್ಷ ತೆಗೆದುಕೊಂಡರು.

1987ರಲ್ಲಿ ಮೇಷ್ಟ್ರ ತಂದೆಗೂ ಚಿಕ್ಕಪ್ಪನಿಗೂ ಕಾಫಿ ತೋಟದ ವಿಷಯದಲ್ಲಿ ಮನಸ್ತಾಪವಾಯಿತು. ನೀರಿನ ತೋಡು ಯಾರ ಪಾಲಿಗೆ ಎಂಬಲ್ಲಿಂದ ಹತ್ತಿದ್ದು ದಿನೇ ದಿನೇ ಬೆಳೆದು, ಊಟದ ಪಂಕ್ತಿಯಲ್ಲಿ ಒಬ್ಬರು ಕುಳಿತರೆ ಇನ್ನೊಬ್ಬರು ಏಳುವಂತಾಯಿತು. ಬೆಳಿಗ್ಗೆ ಎದ್ದರೆ ಬೈಗುಳ. ಒಬ್ಬರ ಬಾಯಲ್ಲಂತೂ ಆಡಬಾರದ ಮಾತು ಬಂದೇಬಿಟ್ಟಿತು. ಮನೆಯಲ್ಲಿ ಹೆಂಗಸರು ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. ಕೋವಿ ಇದ್ದದ್ದು ಇಬ್ಬರಿಗೂ ಸೇರಿದ ಕನ್ನಿಕೋಂಬರೆಯಲ್ಲಿ.

ಪುತ್ತರಿಗೆ ಮೂರು ವಾರ ಇರುವಾಗ ಅಜ್ಜಿ, ಯಾರಿಗೂ ಹೇಳದೆ, ಹದಿನಾರರ ಹರೆಯದ ಮೊಮ್ಮಗನನ್ನು, ಅಂದರೆ ನಮ್ಮ ಮೇಷ್ಟ್ರನ್ನು, ಆಚಾರ್ರ ಅಂಗಡಿಗೆ ಅಟ್ಟಿದರು. "ಕೋವಿ ಸರಿ ಇಲ್ಲ, ಬಂದು ತಗೊಂಡು ಹೋಗಬೇಕಂತೆ ಅಂತ ಹೇಳು" ಎಂದಷ್ಟೇ ಹೇಳಿ ಕಳಿಸಿದ್ದರು. ಆಗಿನ ಆಚಾರ್ರು, ಈಗಿನವರ ತಂದೆ, ಹುಡುಗನ ಮುಖ ನೋಡಿದರು. ಏನಾಗಿದೆ ಎಂದು ಕೇಳಲಿಲ್ಲ. ಮರುದಿನ ಬಸ್ಸು ಹಿಡಿದು ತಾವೇ ಬಂದರು. ಕಾಫಿ ಕುಡಿದು, ಕೋವಿ ಮಡಿಸಿ ನೋಡಿ, "ಒಳಗಿನ ಸ್ಪ್ರಿಂಗ್ ಹೋಗಿದೆ. ಹೀಗೇ ಬಿಟ್ಟರೆ ಕೈ ಹೋದೀತು" ಎಂದು ರಸೀದಿ ಬರೆದುಕೊಟ್ಟು ಒಯ್ದರು.

ಪುತ್ತರಿ ಬಂತು. ಸ್ಪ್ರಿಂಗ್ ಬರಲಿಲ್ಲ. ಪಕ್ಕದ ಮನೆಯವರ ಕೋವಿಯಿಂದ ಗುಂಡು ಹಾರಿಸಿ ಶಾಸ್ತ್ರ ಮುಗಿಸಿದರು. ಜನವರಿಯಲ್ಲಿ ತಂದೆ ಅಂಗಡಿಗೆ ಹೋದರು. "ಬೆಂಗಳೂರಿಗೆ ಬರೆದಿದ್ದೇನೆ" ಎಂಬ ಉತ್ತರ. ಮಾರ್ಚಿನಲ್ಲಿ ಚಿಕ್ಕಪ್ಪ ಹೋದರು. "ಬಂದಿದ್ದು ಅಳತೆ ಹೊಂದಲಿಲ್ಲ, ವಾಪಸು ಕಳಿಸಿದೆ." ಮೇ ತಿಂಗಳಲ್ಲಿ ಇಬ್ಬರೂ ರೇಗಾಡಿ ಬಂದರು, ಬೇರೆ ಬೇರೆ ದಿನ. ಅಷ್ಟರಲ್ಲಿ ಊರಿನ ಹಿರಿಯರು ಕೂತು ತೋಡಿನ ನೀರನ್ನು ದಿನ ಬಿಟ್ಟು ದಿನದಂತೆ ಹಂಚಿದರು. ಮಳೆಗಾಲದಲ್ಲಿ ಚಿಕ್ಕಪ್ಪನಿಗೆ ಜ್ವರ ಬಂದಾಗ ತಂದೆಯೇ ಜೀಪು ಮಾಡಿ ಆಸ್ಪತ್ರೆಗೆ ಸೇರಿಸಿದರು. 1988ರ ಕೈಲ್ ಪೊಳ್ದಿಗೆ ಒಂದು ವಾರ ಇರುವಾಗ ಆಚಾರ್ರು ತಾವಾಗಿಯೇ ಹೇಳಿ ಕಳಿಸಿದರು: ಸ್ಪ್ರಿಂಗ್ ಬಂದಿದೆ, ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಬಂದು ತೆಗೆದುಕೊಂಡು ಹೋಗಿ.

ಆ ಪುಟವನ್ನು ನಾನು ನೋಡಿದ್ದೇನೆ. ಕೋವಿ ಬಂದ ದಿನಾಂಕವಿದೆ, ಹೋದ ದಿನಾಂಕವಿದೆ. ನಡುವೆ 'ಕೆಲಸ' ಎಂಬ ಕಾಲಮ್ಮಿನಲ್ಲಿ 'ಎಣ್ಣೆ' ಎಂದಿದೆ. 'ಮಜೂರಿ' ಎಂಬಲ್ಲಿ ಒಂದು ಅಡ್ಡಗೆರೆ. ಸ್ಪ್ರಿಂಗಿನ ಮಾತೇ ಇಲ್ಲ.

ತಂದೆಗೆ ಇದು ಗೊತ್ತಾದದ್ದು ಅಜ್ಜಿ ತೀರಿಕೊಂಡ ಮೇಲಂತೆ. ಅವರು ಅಂಗಡಿಗೆ ಹೋಗಿ ಏನೂ ಮಾತನಾಡದೆ ಅರ್ಧ ಗಂಟೆ ಕುಳಿತಿದ್ದು, ಒಂದು ಪೆಟ್ಟಿಗೆ ತೋಟಾ ಕೊಂಡು ಬಂದರಂತೆ. ಮನೆಯಲ್ಲಿ ಆಗಲೇ ಎರಡು ಪೆಟ್ಟಿಗೆ ಇತ್ತು.

2018ರ ಆಗಸ್ಟ್ ತಿಂಗಳ ಮಳೆಯನ್ನು ಕೊಡಗಿನವರು ಮರೆಯುವುದು ಕಷ್ಟ. ಗುಡ್ಡಗಳೇ ಜರಿದು ಮನೆ, ತೋಟ, ರಸ್ತೆಗಳ ಮೇಲೆ ಬಂದವು. ಮೇಷ್ಟ್ರ ಮನೆಯ ಹಿಂಭಾಗಕ್ಕೂ ಕೆಸರು ನುಗ್ಗಿತು. ಜೀವ ಉಳಿಸಿಕೊಂಡು ಸಂಬಂಧಿಕರ ಮನೆ ಸೇರಿದರು. ಹತ್ತು ದಿನದ ಮೇಲೆ ಮರಳಿ ಬಂದು ನೋಡಿದರೆ ಕೋವಿ ಕೆಂಪು ಮಣ್ಣಿನಲ್ಲಿ ಹೂತಿತ್ತು. ಕಬ್ಬಿಣ, ನೀರು, ಆಮ್ಲಜನಕ ಸೇರಿದರೆ ತುಕ್ಕು ಎಂದು ಏಳನೇ ತರಗತಿಯಲ್ಲಿ ಓದುತ್ತೇವೆ. ಒದ್ದೆ ಜೇಡಿ ಲೋಹಕ್ಕೆ ಅಂಟಿಕೊಂಡರೆ ನೀರು ಆರಲು ಬಿಡದೆ ಆ ಕ್ರಿಯೆಯನ್ನು ಎಡೆಬಿಡದೆ ನಡೆಸುತ್ತದೆ. ನಳಿಗೆಯೊಳಗೆ ಕೆಸರು ಬಿರಡೆಯಂತೆ ಕೂತಿದ್ದರೆ ಇನ್ನೂ ಅಪಾಯ. ತಿಳಿಯದೆ ಗುಂಡು ಹಾರಿಸಿದರೆ ಅನಿಲಕ್ಕೆ ಹೋಗಲು ದಾರಿಯಿಲ್ಲದೆ ನಳಿಗೆ ಅಲ್ಲಿಯೇ ಉಬ್ಬಿ ಸೀಳುತ್ತದೆ.

ಆ ಮಳೆಯ ಮೇಲೆ ಆಚಾರ್ರ ಅಂಗಡಿಗೆ ಇಂಥ ಕೋವಿಗಳು ಒಂದಾದ ಮೇಲೊಂದು ಬಂದವು. ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆಯಲ್ಲಿ ಅದ್ದಿ, ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಉಜ್ಜುವ ಕೆಲಸ. ಮನೆ ಕಳೆದುಕೊಂಡವರಿಂದ ದುಡ್ಡು ತೆಗೆದುಕೊಳ್ಳಲಿಲ್ಲ. ಮೇಷ್ಟ್ರು ಕೊಡಲು ಹೋದಾಗ, "ನಿಮ್ಮ ಮನೆ ಗೋಡೆ ಎದ್ದ ಮೇಲೆ ಕೊಡಿ" ಎಂದರು. ಆ ವರ್ಷ ಹಬ್ಬ ಅನೇಕ ಮನೆಗಳಲ್ಲಿ ನಡೆಯಲಿಲ್ಲ.

ವ್ಯಾಪಾರದ ಮಾತು ಹೇಳುವುದಾದರೆ ಅದು ಇಳಿಮುಖವಾಗಿ ಬಹಳ ಕಾಲವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಆಚಾರ್ರೂ ಹಾಗೆಯೇ ಹೇಳುತ್ತಾರೆ. ಕಾಡುಪ್ರಾಣಿಗೆ ಹೊಡೆದು ಬಂದವನ ಕೋವಿಯನ್ನು ಅವರು ಮುಟ್ಟುವುದಿಲ್ಲ. 1980ರ ದಶಕದ ನಡುವಿನಿಂದ ವಿದೇಶೀ ಕೋವಿಗಳ ಆಮದು ಸಾಮಾನ್ಯರಿಗೆ ನಿಂತುಹೋಯಿತು. 2019ರ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿದರು. ಈಗ ಅಂಗಡಿ ನಡೆಯುವುದು ದುರಸ್ತಿಯಿಂದ, ಹಬ್ಬದ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯಗಳಿಗೆ ಬೇಕಾಗುವ ತೋಟಾದಿಂದ, ಚುನಾವಣೆಯ ಸಮಯದಲ್ಲಿ ಜನ ಜೋಪಾನಕ್ಕೆ ತಂದಿಡುವ ಕೋವಿಗಳಿಂದ.

ಆಚಾರ್ರಿಗೆ ಎಪ್ಪತ್ತು ದಾಟಿದೆ. ಎಡಗಣ್ಣಿಗೆ ಆಪರೇಷನ್ ಆಗಿದೆ. ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ಒಳ್ಳೆಯ ಹುಡುಗ, ಈ ಕಡೆ ಮನಸ್ಸಿಲ್ಲ. ಅಂಗಡಿಯ ಲೈಸೆನ್ಸು ಹೊಲಮನೆಯಂತೆ ತಾನಾಗಿ ಮಗನ ಹೆಸರಿಗೆ ಬರುವಂಥದ್ದೂ ಅಲ್ಲ. ಹೊಸದಾಗಿ ಅರ್ಜಿ ಹಾಕಬೇಕು, ಭದ್ರತೆ ತೋರಿಸಬೇಕು, ಸರ್ಕಾರ ಒಪ್ಪಬೇಕು. ವಾರಕ್ಕೆ ಮೂರು ದಿನ ಮಾತ್ರ ಬಾಗಿಲು ತೆಗೆಯುತ್ತಾರೆ. ಮೇಷ್ಟ್ರ ಮನೆಯಲ್ಲಿ ಈ ವಿಷಯದ ಮೇಲೆ ವಾದ ನಡೆಯುತ್ತಲೇ ಇರುತ್ತದೆ. ತಮ್ಮನ ಮಗ, "ಇನ್ನು ಎಷ್ಟು ದಿನ ದೊಡ್ಡಪ್ಪ, ಈಗಲೇ ಬೇರೆ ಅಂಗಡಿ ನೋಡಿಕೊಳ್ಳೋಣ" ಎನ್ನುತ್ತಾನೆ. ಹುಡುಗನ ಮಾತಿನಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ. ಮೇಷ್ಟ್ರು ಉತ್ತರ ಕೊಡುವುದಿಲ್ಲ. ಅವರ ಮಗಳು ಮಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ, ಕಾಲೇಜಿನ ಏರ್ ರೈಫಲ್ ಸ್ಪರ್ಧೆಯಲ್ಲಿ ಹೆಸರು ಮಾಡಿದ್ದಾಳೆ. ರಜೆಗೆ ಬಂದಾಗ ಅವಳೂ ಆ ಅಂಗಡಿಯಲ್ಲಿ ಹೋಗಿ ಕೂರುತ್ತಾಳೆ. ಅವಳು ಹುಟ್ಟಿದಾಗ ತಾತ, ಹೆಣ್ಣು ಮಗುವಿಗೆ ವಾಡಿಕೆಯಿಲ್ಲ ಎಂದವರ ಮಾತು ಕೇಳದೆ ಒಂದು ಗುಂಡು ಹಾರಿಸಿದ್ದರು. ಆ ಖಾಲಿ ತೋಟಾ ಈಗಲೂ ಆಚಾರ್ರ ಮೇಜಿನ ಮೇಲೆ ಪೆನ್ಸಿಲ್ ನಿಲ್ಲಿಸಲು ಇದೆ.

ಹೋದ ಕೈಲ್ ಪೊಳ್ದಿಗೆ ನಾನು ಹೋಗಿದ್ದಾಗ ಆಚಾರ್ರು ಹೊಸ ಕೆಲಸ ಹಿಡಿದಿದ್ದರು. ಆ ದಪ್ಪ ಪುಸ್ತಕಗಳಿಂದ ಒಂದೊಂದು ಕೋವಿಯ ವಿವರವನ್ನು ಅಂಗೈಯಗಲದ ರಟ್ಟಿನ ಚೀಟಿಗಳಿಗೆ ಇಳಿಸುತ್ತಿದ್ದರು: ನಂಬರು, ನಳಿಗೆಯ ಅಳತೆ, ಯಾವ ತೋಟಾ ಹಾಕಬೇಕು, ಯಾವುದು ಕೂಡದು, ಎಲ್ಲಿ ಸವೆದಿದೆ. ಕೋವಿಯವರು ಬಂದಾಗ ಚೀಟಿಯನ್ನು ಅವರ ಕೈಗೇ ಕೊಟ್ಟುಬಿಡುತ್ತಾರೆ. ಮುಂದೆ ಯಾವ ಅಂಗಡಿಗೆ ಹೋದರೂ ತೋರಿಸಲು ಆದೀತು ಎಂದು. ಬರೆಯುವಾಗ ಕೈ ನಡುಗುವುದರಿಂದ ದಿನಕ್ಕೆ ನಾಲ್ಕೈದರ ಮೇಲೆ ಆಗುವುದಿಲ್ಲ. ಮೇಷ್ಟ್ರ ಮನೆಯ ಚೀಟಿಯಲ್ಲೂ '65 ಮಾತ್ರ' ಎಂದು ಕೆಂಪು ಶಾಯಿಯಲ್ಲೇ ಬರೆದು, ಎರಡು ಗೆರೆ ಎಳೆದಿದ್ದಾರೆ. ಮಗಳು ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಕೋವಿಯ ಚೀಲದ ಒಳಗೆ ಹೊಲಿದಿದ್ದಾಳೆ. ಎಷ್ಟು ಚೀಟಿ ಆಯಿತು ಎಂದು ಕೇಳಿದೆ. ನಲವತ್ತೇಳು ಎಂದರು. ಪುಸ್ತಕದಲ್ಲಿ ಇನ್ನೂ ನೂರಕ್ಕೂ ಹೆಚ್ಚು ಮನೆಗಳಿವೆ.